ಶಾಲೆಗೆ ರಜೆ, ಅಪ್ಪ ಅಮ್ಮನಿಗಲ್ಲ

"ಏನಪ್ಪಾ, ಮತಾಂತರ ಆಗ್ತಿದ್ದೀಯಾ?"

ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಏರಿಯಾದ ಚರ್ಚಿನ ವಿ.ಬಿ.ಎಸ್.ಗೆ, ಅಂದ್ರೆ ರಜಾಕಾಲದ ಬೈಬಲ್ ಶಾಲೆಗೆ, ಹತ್ತು ದಿನ ವಾಲಂಟಿಯರ್ ಆಗಿ ಹೋಗಿದ್ದೆ ಅಂದಾಗ ಆಫೀಸಿನಲ್ಲಿ ಬಂದ ಮೊದಲ ಪ್ರಶ್ನೆ. ನಾನು ಮಾಡಿದ್ದು ಇಷ್ಟೇ: ಬಣ್ಣದ ಕಾಗದ ಕತ್ತರಿಸೋದು, ಶರಬತ್ತು ಹಂಚೋದು, ಸ್ಕೆಚ್ ಪೆನ್ ಜಗಳ ಬಿಡಿಸೋದು.

ಹೌದು, ಅಲ್ಲಿ ಯೇಸುವಿನ ಕತೆ ಹೇಳ್ತಾರೆ. ಹೆಸರಲ್ಲೇ ಬೈಬಲ್ ಇದೆ, ಮುಚ್ಚುಮರೆ ಏನಿಲ್ಲ. ಊರಲ್ಲಿ ನನ್ನ ರಜೆಯೆಲ್ಲ ಕಳೆದದ್ದು ಭಜನೆ ಮನೆಯಲ್ಲಿ. ಅದನ್ನ ಯಾರೂ ಬ್ರೈನ್‌ವಾಶ್ ಅನ್ನಲಿಲ್ಲ.

1898ರಲ್ಲಿ ನ್ಯೂಯಾರ್ಕಿನ ಎಲೈಜಾ ಹಾಸ್ ಎಂಬಾಕೆ ಬಿಯರ್ ಹಾಲ್ ಒಂದನ್ನು ಬಾಡಿಗೆಗೆ ಹಿಡಿದು, ಬೇಸಿಗೆಯಲ್ಲಿ ಬೀದಿ ಸುತ್ತುತ್ತಿದ್ದ ಮಕ್ಕಳಿಗೆ ಇಂಥದ್ದೇ ಶಾಲೆ ನಡೆಸಿದರು. ಇವತ್ತಿಗೂ ಸಮಸ್ಯೆ ಅದೇ: ಶಾಲೆಗೆ ರಜೆ, ದುಡಿಯೋರಿಗೆ ರಜೆಯಿಲ್ಲ. ನಮ್ಮ ಮಕ್ಕಳಿಗೇನೋ ಸಾವಿರಾರು ರೂಪಾಯಿಯ ರೋಬೋಟಿಕ್ಸ್ ಕ್ಯಾಂಪ್ ಇದೆ. ಮನೆಕೆಲಸದ ಅಕ್ಕನ ಮಗಳು ಎಲ್ಲಿಗೆ ಹೋಗ್ಬೇಕು?

ಚರ್ಚಿನವರಿಗೂ ಒಂದು ಮಾತು. ಬೇರೆ ಧರ್ಮದ ಮಕ್ಕಳು ಬಂದರೆ, ಏನು ಕಲಿಸ್ತೀರಿ ಅಂತ ಅಪ್ಪ ಅಮ್ಮನಿಗೆ ಮೊದಲೇ ಬಿಡಿಸಿ ಹೇಳಿ, ಒಪ್ಪಿಗೆ ತಗೊಳ್ಳಿ. ಬಿಸ್ಕತ್ತಿನ ಆಸೆಗೆ ಬಂದ ಮಗುವಿನ ಕೈಲಿ ಪ್ರಾರ್ಥನೆ ಮಾಡಿಸೋದು ಸೇವೆ ಅಲ್ಲ.

ಇನ್ನು ಅನುಮಾನದ ಗೆಳೆಯರೇ, ಒಂದು ವಾರ ರಜೆ ಹಾಕಿ. ನಿಮ್ಮ ದೇವಸ್ಥಾನದ ಸಮುದಾಯ ಭವನದ ಬೀಗ ತೆಗೆಸಿ, ಮಕ್ಕಳನ್ನ ಕೂಡಿಸಿ. ಶರಬತ್ತು ಹಂಚೋಕೆ ಅಲ್ಲಿಗೂ ನಾನೇ ಬರ್ತೀನಿ.