ಕೂಸನ್ನು ಕೇಳುವವರು ಯಾರು?

ಕಳೆದ ಶ್ರಾವಣದಲ್ಲಿ ನಮ್ಮ ವಸತಿಯ ಕಾವಲುಗಾರನ ತಾಯಿ ಏಳು ವರ್ಷದ ಮೊಮ್ಮಗನ ಕೈಹಿಡಿದು ನನ್ನ ಬಾಗಿಲಿಗೆ ಬಂದರು. ಇಂಡಿ ತಾಲೂಕಿನ ಕಡೆಯವರು. ಮಗ ಕುಡಿತಕ್ಕೆ ಬಿದ್ದಿದ್ದಾನೆ. ತವರಿಗೆ ಹೋದ ಸೊಸೆ ಮರಳಿಲ್ಲ. ನಾನು ವ್ಯಸನಮುಕ್ತಿ ಕೇಂದ್ರದ ಮಾತೆತ್ತಿದೆ. ಅಜ್ಜಿ ಹೇಳಿದರು: “ಅವನ ಕುಡಿತಾ ಬಿಡಸಾಕ ಹತ್ತು ಮಂದಿ ಅದಾರ್ರೀ ಸಾಹೇಬ್ರ. ಈ ಕೂಸಿನ್ನ ಕೇಳಾವ್ರು ಯಾರದಾರ್ರೀ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ವ್ಯಸನಮುಕ್ತಿಯ ವಿಷಯದಲ್ಲಿ ಪುಣೆ ಹಿಂದುಳಿದ ಊರಲ್ಲ. ಡಾ. ಅನಿತಾ ಅವಚಟ್ ಮತ್ತು ಅನಿಲ ಅವಚಟ್ ದಂಪತಿಗಳು ಪು. ಲ. ದೇಶಪಾಂಡೆಯವರ ನೆರವಿನಿಂದ 1986ರಲ್ಲಿ ಯರವಡಾದಲ್ಲಿ ‘ಮುಕ್ತಾಂಗಣ’ವನ್ನು ಆರಂಭಿಸಿದರು. ವ್ಯಸನಿಯ ಪತ್ನಿಗೂ ಆಸರೆ ಬೇಕೆಂದು ಅರಿತು ‘ಸಹಚರಿ’ ಎಂಬ ಬಳಗವನ್ನೂ ಕಟ್ಟಿದ ಸಂಸ್ಥೆ ಅದು. ಕುಡುಕನ ಮನೆಯವರಿಗೆ ತಮ್ಮದೇ ಆದ ಕೂಟವಿರಬೇಕೆಂಬ ವಿಚಾರದಿಂದಲೇ ಅಮೆರಿಕದಲ್ಲಿ 1951ರಲ್ಲಿ ‘ಅಲ್-ಅನಾನ್’ ಹುಟ್ಟಿತು; ಹದಿಹರೆಯದ ಮಕ್ಕಳಿಗಾಗಿ ‘ಅಲಟೀನ್’ 1957ರಲ್ಲಿ ಬಂದಿತು. ಆದರೆ ಪತ್ನಿಯೂ ಇಲ್ಲದ ಮನೆಯಲ್ಲಿ, ಮರಾಠಿ ಬಾರದ ಅಜ್ಜಿ ಯಾವ ಕೂಟಕ್ಕೆ ಹೋಗಬೇಕು?

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಪಾನಿಗಳು ಸುಮಾರು 16 ಕೋಟಿ. ಅವರಲ್ಲಿ ಚಿಕಿತ್ಸೆ ಅಥವಾ ನೆರವು ಬೇಕಾದವರು 5.7 ಕೋಟಿ. ಈ ಲೆಕ್ಕ ಕುಡಿಯುವವರದು. ಅವರ ಮಕ್ಕಳಿಗೆ ರೊಟ್ಟಿ ಬಡಿದು, ಶಾಲೆಗೆ ಕಳಿಸಿ, ರಾತ್ರಿ ಬಾಗಿಲು ಬಡಿದ ಸದ್ದಿಗೆ ಬೆಚ್ಚಿದ ಕೂಸನ್ನು ಮಡಿಲಿಗೆಳೆದುಕೊಳ್ಳುವವರು ಈ ಲೆಕ್ಕದೊಳಗಿಲ್ಲ.

ಸರಕಾರ ಏನೂ ಮಾಡಿಲ್ಲವೆಂದು ನಾನು ಹೇಳಲಾರೆ. ಮಹಾರಾಷ್ಟ್ರದ ಬಾಲಸಂಗೋಪನ ಯೋಜನೆಯ ಮಾಸಿಕ ನೆರವನ್ನು 2023ರಲ್ಲಿ 2,250 ರೂಪಾಯಿಗೆ ಏರಿಸಲಾಯಿತು. ಕೇಂದ್ರದ ‘ಮಿಷನ್ ವಾತ್ಸಲ್ಯ’ದಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ದೊರೆಯುವ ಅವಕಾಶವಿದೆ, ಮಗುವನ್ನು ನೋಡಿಕೊಳ್ಳಲು ಅಸಮರ್ಥರಾದ ತಂದೆತಾಯಿಯರ ಮಕ್ಕಳೂ ಅದರಲ್ಲಿ ಸೇರುತ್ತಾರೆ.

ತೊಡಕಿರುವುದು ಆ ‘ಅಸಮರ್ಥ’ ಎಂಬ ಶಬ್ದದಲ್ಲಿಯೇ. ನಾನು ಅರ್ಜಿಯನ್ನು ಓದಿ ಹೇಳಿದಾಗ ಅಜ್ಜಿ ಹೆಬ್ಬೆಟ್ಟನ್ನು ಹಿಂದಕ್ಕೆಳೆದುಕೊಂಡರು. “ಹೊಟ್ಟ್ಯಾಗ ಹುಟ್ಟಿದ ಮಗಾ ನಾಲಾಯಕ್ ಅಂತ ನಾನ ಬರದು ಕೊಡ್ಲೇನ್ರೀ?” ತೀರಿಕೊಂಡ ಮಗನ ಬಗ್ಗೆ ಒಂದು ಪ್ರಮಾಣಪತ್ರ ಸಾಕು. ಬದುಕಿರುವ ಮಗನ ಬಗ್ಗೆ ತಾಯಿಯೇ ಸಾಕ್ಷಿ ನುಡಿಯಬೇಕು. ಆ ಸಂಕೋಚವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ನಾನೂ ಹಾಗೆಯೇ ಮಾಡಿದೆ. ‘ಯೋಚಿಸಿ ಬನ್ನಿ’ ಎಂದು ಕಳಿಸಿದೆ. ಆಕೆ ಮತ್ತೆ ಬರಲಿಲ್ಲ. ಮಗ ಕೆಲಸ ಕಳೆದುಕೊಂಡು ಮನೆಮಂದಿ ವಸತಿ ಬಿಟ್ಟದ್ದು ನನಗೆ ದೀಪಾವಳಿಯ ಹೊತ್ತಿಗೆ ತಿಳಿಯಿತು.

ಅಂದು ಆಕೆಗೆ ಬೇಕಿದ್ದುದು ಉಪದೇಶವಲ್ಲ. ‘ಇದು ಮಗನ ಮೇಲಿನ ದೂರಲ್ಲ, ಮೊಮ್ಮಗನ ಹಕ್ಕು’ ಎಂದು ಅವರದೇ ನುಡಿಯಲ್ಲಿ ತಿಳಿಹೇಳಿ, ಕಚೇರಿಯವರೆಗೆ ಜೊತೆಗೆ ನಡೆಯುವ ಒಬ್ಬರು ಬೇಕಿದ್ದರು. ಕುಡುಕ ಗುಣವಾದ ಮೇಲೆ ಮಗುವಿನ ಬಾಳು ತಾನೇ ನೇರಾಗುವುದೆಂದು ನಂಬಿ ಕೂರುವಂತಿಲ್ಲ. ಬಿಟ್ಟ ಕುಡಿತ ಮರಳುವುದುಂಟು. ಮಗುವಿನ ಬಾಲ್ಯ ಮರಳುವುದಿಲ್ಲ.

ಕಲಬುರಗಿ, ವಿಜಯಪುರ, ಬೀದರಗಳಿಂದ ದುಡಿಯಲು ಬಂದ ಜನ ಈ ಊರಿನ ಕಟ್ಟಡಗಳನ್ನು ಕಟ್ಟಿದ್ದಾರೆ. ರಾಜ್ಯೋತ್ಸವದ ವೇದಿಕೆಯಿಂದ ನಾವು ಅವರನ್ನು ‘ನಮ್ಮವರು’ ಎನ್ನುತ್ತೇವೆ. ಆ ಮಾತು ನಿಜವಾಗಬೇಕಾದರೆ ಸಂಘದ ಒಂದು ಕೋಣೆ ತಿಂಗಳಿಗೊಂದು ಸಂಜೆ ಇಂಥ ಅಜ್ಜಿಯರಿಗೆ, ಅತ್ತೆ-ಚಿಕ್ಕಮ್ಮಂದಿರಿಗೆ ತೆರೆದಿರಲಿ. ಅಲ್ಲಿ ಅರ್ಜಿ ತುಂಬಿಕೊಡುವವರಿರಲಿ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಅದಕ್ಕೂ ಮಿಗಿಲಾಗಿ, ‘ನಿಮ್ಮಪ್ಪ ಇವತ್ತೂ ಕುಡಿದಿದ್ದಾನೇನು?’ ಎಂದು ಕೂಸನ್ನು ಯಾರೂ ಕೇಳದಿರಲಿ.

ಕಾರ್ಯಕಾರಿ ಸಮಿತಿ ಒಪ್ಪಿದರೆ ಮೊದಲ ಶನಿವಾರದ ಸಂಜೆ ನನ್ನದು. ತಡವಾಯಿತೆಂದು ನನಗೆ ಗೊತ್ತು.