ಮೂರರಲ್ಲಿ ಒಂದು ಹಾಡಾದ್ರೂ ನಮ್ಮದಿರಲಿ

ನಮ್ಮ ಬ್ಯಾಂಡಿನಲ್ಲಿ ಸಾಗರದವನೊಬ್ಬ, ಹೊಸನಗರದವನೊಬ್ಬ, ತೀರ್ಥಹಳ್ಳಿಯವನೊಬ್ಬ. ಮೂವರೂ ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಕಳೆದ ಸೆಮಿಸ್ಟರ್‌ನಲ್ಲಿ ಒಂದು ಕಾಲೇಜಿನ ಫೆಸ್ಟ್‌ಗೆ ಹೋಗಿ ಮೂರು ಹಾಡು ಹಾಡಿದ್ವಿ, ಮೂರೂ ಬೇರೆಯವರದ್ದು. ಚಪ್ಪಾಳೆ ಬಂತು, ಪ್ರೈಜ್ ಬರಲಿಲ್ಲ. ಅದಕ್ಕೆ ಬೇಜಾರೇನಿಲ್ಲ. ಆದರೆ ವಾಪಸ್ ಬರುವಾಗ ಬಸ್ಸಲ್ಲಿ ನಮ್ಮ ಡ್ರಮ್ಮರ್ ಕೇಳಿದ: "ಎಂತ ಮಾರಾಯ, ನಮ್ದೇ ಒಂದು ಹಾಡಿತ್ತಲ್ಲ, ಅದನ್ನ ಯಾಕೆ ಬಿಟ್ವಿ?" ಯಾರ ಹತ್ರಾನೂ ಉತ್ತರ ಇರಲಿಲ್ಲ. ರಿಸ್ಕ್ ಬೇಡ ಅಂತ ಬಿಟ್ಟಿದ್ದು ನಾವೇ.

ರಾಕ್ ಅಂದ್ರೆ ಹೊರಗಿನದು, ಮಲೆನಾಡಿಗೂ ಅದಕ್ಕೂ ಏನು ಸಂಬಂಧ ಅಂತ ಹಾಸ್ಟೆಲ್‌ನಲ್ಲಿ ಕೇಳೋರು ಇದ್ದಾರೆ. ಕೆನಡಾದವರಿಗೂ ಒಂದು ಕಾಲದಲ್ಲಿ ಇದೇ ಅಳುಕು ಇತ್ತು. ನೀಲ್ ಯಂಗ್, ಜೋನಿ ಮಿಚೆಲ್ ಥರದವರು ಹೆಸರು ಮಾಡೋಕೆ ಅಮೆರಿಕಕ್ಕೇ ಹೋದರು. 1971ರಲ್ಲಿ ಅಲ್ಲಿ ಒಂದು ನಿಯಮ ಬಂತು: ಎಎಂ ರೇಡಿಯೋದಲ್ಲಿ ಹಾಕುವ ಹಾಡುಗಳಲ್ಲಿ ಶೇ. 30 ಕೆನಡಾದವೇ ಆಗಿರಬೇಕು. ಸಂಗೀತ, ಕಲಾವಿದ, ಪ್ರದರ್ಶನ, ಸಾಹಿತ್ಯ ಈ ನಾಲ್ಕರಲ್ಲಿ ಎರಡು ಸ್ವಂತದ್ದಾಗಿದ್ದರೆ ಸಾಕಿತ್ತು. ಕಳಪೆ ಹಾಡುಗಳಿಗೂ ಜಾಗ ಸಿಕ್ಕಿತು ಅಂತ ಬೈದವರಿದ್ದಾರೆ. ಆದರೆ ಹೊಸಬರಿಗೆ ಕೇಳುಗರು ಸಿಕ್ಕಿದ್ದೂ ಹೌದು.

ಅಲ್ಲಿನ ಕಿಂಗ್‌ಸ್ಟನ್ ಅನ್ನೋ ಊರಲ್ಲಿ 1984ರಲ್ಲಿ ಶುರುವಾದ 'ದ ಟ್ರ್ಯಾಜಿಕಲಿ ಹಿಪ್' ಬ್ಯಾಂಡ್ ಕೆನಡಾದ ಸಣ್ಣ ಊರುಗಳ ಹೆಸರು ಹಿಡಿದೇ ಹಾಡಿತು. ಅಮೆರಿಕದಲ್ಲಿ ಅದು ಅಷ್ಟಾಗಿ ಓಡಲಿಲ್ಲ. ಆದರೆ ಗಾಯಕ ಗಾರ್ಡ್ ಡೌನಿಗೆ ಮೆದುಳಿನ ಕ್ಯಾನ್ಸರ್ ಆದಮೇಲೆ, 2016ರ ಆಗಸ್ಟ್ 20ರಂದು ತಮ್ಮೂರಲ್ಲೇ ಅವರು ಮಾಡಿದ ಕೊನೆಯ ಕಾರ್ಯಕ್ರಮವನ್ನು ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ನೋಡಿದರು.

ನಮ್ಮ ಕಡೆಯೂ ನೋಡೋಣ. ಶಿವಮೊಗ್ಗ ಸುಬ್ಬಣ್ಣ ಹುಟ್ಟಿದ್ದು ಹೊಸನಗರ ತಾಲ್ಲೂಕಿನ ನಗರದಲ್ಲಿ. ವೃತ್ತಿಯಲ್ಲಿ ವಕೀಲರು. 'ಕಾಡು ಕುದುರೆ' ಚಿತ್ರದ ಹಾಡಿಗೆ 1978ರ ಸಾಲಿನ ರಾಷ್ಟ್ರ ಪ್ರಶಸ್ತಿ ಪಡೆದರು. ಪ್ಲೇಸ್‌ಮೆಂಟ್ ಆದಮೇಲೆ ಗಿಟಾರ್ ಮಾರಿಬಿಡಬೇಕು ಅಂದುಕೊಂಡಿರೋ ಫೈನಲ್ ಇಯರ್ ಅಣ್ಣಂದಿರು ಇದನ್ನ ಎರಡು ಸಲ ಓದಿ. ಮೈಸೂರಲ್ಲಿ ಬೆಳೆದ ರಘು ದೀಕ್ಷಿತ್ ಓದಿದ್ದು ಮೈಕ್ರೋಬಯಾಲಜಿ. ಶಿಶುನಾಳ ಷರೀಫರ ಮಾತನ್ನ ಗಿಟಾರ್ ಜೊತೆ ವಿದೇಶದ ವೇದಿಕೆಗಳಿಗೆ ಒಯ್ದರು. ಸುಬ್ಬಣ್ಣನವರು ಹಾಡಿದ್ದು ಕಂಬಾರರ ಮಾತು. ಅಂದ್ರೆ ಎಲ್ಲವನ್ನೂ ಒಬ್ಬರೇ ಬರೀಬೇಕಿಲ್ಲ, ಎಲ್ಲೋ ಒಂದು ಕಡೆ ನಮ್ಮ ಪಾಲು ಇದ್ದರೆ ಆಯ್ತು.

ಇನ್ನು ಹಾಡೋಕೆ ವಿಷಯ ಎಲ್ಲಿದೆ ಅಂತೀರಾ? ನಾವು ಆಂಪ್ಲಿಫೈಯರ್ ಪ್ಲಗ್ ಹಾಕ್ತೀವಲ್ಲ, ಆ ಕರೆಂಟಲ್ಲಿ ಶರಾವತಿಯ ಪಾಲೂ ಇದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್ ಅಂತ ಎಲೆಕ್ಟ್ರಿಕಲ್‌ನವರಿಗೆ ಗೊತ್ತಿರುತ್ತೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ನೀರಲ್ಲಿ ಸಾಗರ, ಹೊಸನಗರದ ಹಳ್ಳಿಗಳು ಮುಳುಗಿದ್ದು ಎಷ್ಟು ಜನಕ್ಕೆ ಗೊತ್ತು? ನಮ್ಮ ಅರ್ಧ ಹಾಡು ಅದರ ಬಗ್ಗೆಯೇ. ನಾವೇನು ಭಾಷಾ ಪಂಡಿತರಲ್ಲ, ಮೊದಲು ಬರೆದದ್ದು ಮೊಬೈಲಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ. 'ಮುಳುಗಿದ ಊರು' ಅಂತ ಬರೆದಿದ್ವಿ. ಹೊಸನಗರದ ಅಜ್ಜಿಗೆ ಓದಿ ಹೇಳಿದಾಗ ಅವರು, "ಅದು ತಾನಾಗಿ ಮುಳುಗಿದ್ದಲ್ಲ ಮಗಾ, ಮುಳುಗಿಸಿದ್ದು" ಅಂದ್ರು. ಊರು ಬಿಟ್ಟಾಗ ಅವರಿಗೆ ಹತ್ತೋ ಹನ್ನೆರಡೋ ವರ್ಷ. ನಾವು ಸಾಲು ತಿದ್ದಿದ್ವಿ.

ಹಾಗಾಗಿ ನಮ್ಮ ಕೋರಿಕೆ ಇಷ್ಟೆ. ನಮ್ಮ ಕಾಲೇಜಿನ ಮುಂದಿನ ಫೆಸ್ಟ್‌ನಲ್ಲಿ ಪ್ರತಿ ಬ್ಯಾಂಡೂ ಹಾಡುವ ಮೂರು ಹಾಡಲ್ಲಿ ಒಂದು ಸ್ವಂತದ್ದಾಗಿರಲಿ. ಮಾತು ಅಥವಾ ರಾಗ, ಯಾವುದಾದರೂ ಒಂದು ನಿಮ್ಮದಿದ್ದರೆ ಸಾಕು. ಕನ್ನಡವೇ ಆಗಬೇಕು ಅಂತಲೂ ನಾವು ಹೇಳ್ತಿಲ್ಲ. ತುಳು, ಕೊಂಕಣಿ, ಹಿಂದಿ, ನಿಮ್ಮ ಮನೆಯಲ್ಲಿ ಯಾವುದಿದೆಯೋ ಅದು. ಉಳಿದ ಎರಡು ಕವರ್ ಧಾರಾಳವಾಗಿ ಹಾಡಿ, ನಾವೂ ಹಾಡ್ತೀವಿ.

ಸ್ವಂತ ಹಾಡು ಸಪ್ಪೆಯಾದರೆ? ಆಗಬಹುದು. ಫಸ್ಟ್ ಸೆಮ್‌ನಲ್ಲಿ ಬರೆದ ಮೊದಲ ಸಿ ಪ್ರೋಗ್ರಾಂ ನೆನಪಿದೆಯಾ? ಎಷ್ಟು ಎರರ್ ಬಂದಿತ್ತು? ಪಕ್ಕದವನದ್ದು ಕಾಪಿ ಮಾಡಿದ್ರೆ ಸಲೀಸಾಗಿ ಓಡ್ತಿತ್ತು, ಆದರೆ ಕಲಿತದ್ದು ಎರರ್ ತಿದ್ದಿದಾಗಲೇ ಅಲ್ವಾ?

ನಿಯಮ ಬಂದರೂ ಬರದಿದ್ದರೂ ಈ ಸಲ ನಾವು ಆ ಹಾಡನ್ನ ಹಾಡ್ತೀವಿ. ಎರಡನೇ ಚರಣ ಇನ್ನೂ ಬಾಕಿ ಇದೆ. ಮುಳುಗಡೆಯ ಊರಿನವರು ನಮ್ಮ ಕ್ಯಾಂಪಸ್‌ನಲ್ಲಿ ಬೇರೆ ಯಾರಾದ್ರೂ ಇದ್ದರೆ ದಯವಿಟ್ಟು ಬಂದು ಮಾತಾಡಿ. ನಿಮ್ಮಜ್ಜಿ ತಾತ ಹೇಳಿದ್ದನ್ನೂ ಕೇಳಬೇಕು ನಮಗೆ.