ಬಣ್ಣದ ಊರಿನಲ್ಲಿ ಕಪ್ಪು-ಬಿಳುಪು

ನಲವತ್ತು ದಾಟಿದವನೊಬ್ಬ ಕೊರಳಿಗೆ ಹಳೆಯ ಯಾಶಿಕಾ ಕ್ಯಾಮೆರಾ ನೇತುಹಾಕಿಕೊಂಡು ಜಮಖಂಡಿ ಪೇಟೆಯಲ್ಲಿ ನಿಂತರೆ ನೋಡುವವರು ಎರಡು ಅರ್ಥ ಮಾಡಿಕೊಳ್ಳುತ್ತಾರೆ. ಈ ಮನುಷ್ಯನಿಗೆ ದುಡ್ಡು ಹೆಚ್ಚಾಗಿದೆ ಎಂಬುದೊಂದು. ವಯಸ್ಸಾಯಿತು, ಹಳೆಯದರ ಹಂಬಲ ಹತ್ತಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ನಾನು ಪೂರ್ತಿ ಅಲ್ಲಗಳೆಯಲಾರೆ, ಅದಕ್ಕೆ ಆಮೇಲೆ ಬರುತ್ತೇನೆ. ಎರಡನೆಯದು ಮಾತ್ರ ತಪ್ಪು ಲೆಕ್ಕ. ಕಪ್ಪು-ಬಿಳುಪು ಫಿಲ್ಮನ್ನು ಈಗ ಕೈಗೆತ್ತಿಕೊಳ್ಳುವವರು ಯಾವ ಹಳೆಯ ಕಾಲಕ್ಕೂ ಮರಳುತ್ತಿಲ್ಲ. ಆ ಕಾಲದವರು ಕಪ್ಪು-ಬಿಳುಪನ್ನು ಬೇಕೆಂದು ಆರಿಸಿಕೊಂಡವರೇ ಅಲ್ಲ. ಅವರಿಗೆ ಇದ್ದದ್ದು ಅದೊಂದೇ.

ಅನುಮಾನವಿದ್ದರೆ ಹಳೆಯ ಮನೆಗಳ ಗೋಡೆ ನೋಡಬೇಕು. ಕಟ್ಟು ಹಾಕಿಸಿದ ಫೋಟೊಗಳಲ್ಲಿ ಕೆಲವಕ್ಕಾದರೂ ಕುಂಚದಿಂದ ಬಣ್ಣ ಹಚ್ಚಿರುತ್ತದೆ: ಸೀರೆಯ ದಡಿಗೆ ಹಸಿರು, ಕೆನ್ನೆಗೆ ತೆಳು ಗುಲಾಬಿ, ಬೋರಮಾಳ ಸರಕ್ಕೆ ಹಳದಿ ಚುಕ್ಕೆ. ಅದಕ್ಕೆ ಸ್ಟುಡಿಯೊದವರು ಬೇರೆ ದುಡ್ಡು ತೆಗೆದುಕೊಳ್ಳುತ್ತಿದ್ದರು, ಜನ ಕೊಡುತ್ತಿದ್ದರು. ಕಲರ್ ಲ್ಯಾಬುಗಳು ಕೈಗೆಟುಕಿದ್ದೇ ತಡ, ಮದುವೆಯ ಆಲ್ಬಮ್ಮುಗಳು ಕಪ್ಪು-ಬಿಳುಪನ್ನು ಹಿಂತಿರುಗಿಯೂ ನೋಡಲಿಲ್ಲ. ನಮ್ಮ ಅಜ್ಜಂದಿರ ಕೈಗೆ ಇಂದಿನ ಮೊಬೈಲ್ ಕೊಟ್ಟಿದ್ದರೆ ಡಾರ್ಕ್ ರೂಮಿನ ಬಾಗಿಲನ್ನು ಅಂದೇ ತೆಗೆದಿಡುತ್ತಿದ್ದರು. ಕಪ್ಪು-ಬಿಳುಪನ್ನು ಬೇಕೆಂದು ಆರಿಸುವುದು ನಮ್ಮ ಕಾಲದ ಸಂಗತಿ. ಹಾಗಾಗಿ ಅದರ ಸಮರ್ಥನೆಯನ್ನೂ ನಮ್ಮ ಕಾಲದಲ್ಲೇ ಹುಡುಕಬೇಕು, ನೆನಪಿನ ಪೆಟ್ಟಿಗೆಯಲ್ಲಲ್ಲ.

ಈ ಹವ್ಯಾಸದವರು ಸಾಮಾನ್ಯವಾಗಿ ಕೊಡುವ ಸಮರ್ಥನೆಗಳಲ್ಲಿ ಒಂದು, ಕಪ್ಪು-ಬಿಳುಪು ಹೆಚ್ಚು ನಿಜ ಎಂಬುದು. ಬಣ್ಣ ಕಣ್ಣು ಕಟ್ಟುತ್ತದೆ, ಕಪ್ಪು-ಬಿಳುಪು ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಈ ಮಾತನ್ನು ರಬಕವಿ-ಬನಹಟ್ಟಿಯಲ್ಲಿ ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ. ಕೈಮಗ್ಗದ ಮುಂದೆ ಕುಳಿತ ಹಿರಿಯ ನೇಕಾರರೊಬ್ಬರಿಗೆ ನಾನೇ ತೊಳೆದು ತೆಗೆದ ಪ್ರಿಂಟ್ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು. "ಎಲ್ಲಾ ಛಲೊ ಬಂದೈತ್ರಿ. ಆದ್ರ ಇದರಾಗ ಸೀರಿ ಬಣ್ಣ ಹೆಂಗ ಗೊತ್ತಾಗಬೇಕು?" ಎಂದರು. ಮಗ್ಗದ ಮೇಲಿದ್ದದ್ದು ಕೆಂಪು ಒಡಲು, ಹಸಿರು ದಡಿ. ಫಿಲ್ಮಿನ ಮೇಲೆ ಎರಡೂ ಒಂದೇ ಬೂದು ಬಣ್ಣವಾಗಿ, ಒಡಲೆಲ್ಲಿ ಮುಗಿಯಿತು ದಡಿಯೆಲ್ಲಿ ಶುರುವಾಯಿತು ತಿಳಿಯದಂತಾಗಿತ್ತು. ಬಣ್ಣ ಕೂಡಿಸುವುದರಲ್ಲೇ ಆಯುಷ್ಯ ಕಳೆದವರ ಮುಂದೆ ಇದು ನಿಜ ಎಂದು ಯಾವ ಬಾಯಿಂದ ಹೇಳುವುದು?

ಹಳೆಯ ಫಿಲ್ಮುಗಳ ಕತೆ ಇನ್ನೂ ವಿಚಿತ್ರ. ಆರ್ಥೊಕ್ರೊಮ್ಯಾಟಿಕ್ ಎಂಬ ಜಾತಿಯ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ. ಹಣೆಯ ಕುಂಕುಮ ಅದರಲ್ಲಿ ಕಪ್ಪು ಬೊಟ್ಟಾಗುತ್ತದೆ, ತಿಳಿನೀಲಿ ಸೀರೆ ಬಿಳಿಯಾಗುತ್ತದೆ. ಸಾಲದ್ದಕ್ಕೆ, ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ಹೋಗುವ ಫೋಟೊದ ನೆಗೆಟಿವಿನ ಮೇಲೆ ಚೂಪು ಪೆನ್ಸಿಲಿನಿಂದ ತೀಡಿ ಮುಖವನ್ನು ಬೆಳ್ಳಗೆ ಮಾಡುವುದು ಸ್ಟುಡಿಯೊಗಳ ನಿತ್ಯದ ಕಸುಬಾಗಿತ್ತು. ಮೊಬೈಲಿನ ಬ್ಯೂಟಿ ಫಿಲ್ಟರನ್ನು ಬೈಯುವವರು ಇದನ್ನು ನೆನಪಿಡುವುದು ಒಳ್ಳೆಯದು.

ಎರಡನೆಯ ಸಮರ್ಥನೆ ಇದಕ್ಕಿಂತ ಗಟ್ಟಿ: ಮಿತಿ ವಿವೇಕ ಕಲಿಸುತ್ತದೆ ಎಂಬುದು. 120ರ ರೋಲಿನಲ್ಲಿ ಚೌಕ ಚಿತ್ರ ಬರುವುದು ಹನ್ನೆರಡು, 35 ಎಂಎಂ ರೋಲಿನಲ್ಲಿ ಮೂವತ್ತಾರು. ಅಷ್ಟರಲ್ಲೇ ಮುಗಿಯಬೇಕು, ಆದ್ದರಿಂದ ಯೋಚಿಸಿ ತೆಗೆಯುತ್ತೇವೆ. ಇದನ್ನು ನಾನೂ ನಂಬಿದ್ದೆ. ನಂಬಿಕೆ ಸಡಿಲಾದದ್ದು ಬೀಳಗಿ ಕಡೆಯ ಮನೆಗಳಲ್ಲಿ ಆಲ್ಬಮ್ ನೋಡಿದಾಗ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಬೀಳಗಿ ತಾಲ್ಲೂಕಿನ ಎಷ್ಟೋ ಊರುಗಳು ಹೋದವು, ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳೂ ಹೋದವು. ಹಾಗೆ ಹೋದ ಊರಿನವರು ಇಟ್ಟುಕೊಂಡ ಕಪ್ಪು-ಬಿಳುಪು ಫೋಟೊಗಳಲ್ಲಿ ಊರಿಲ್ಲ. ಗಂಡ ಕುರ್ಚಿಯ ಮೇಲೆ, ಹೆಂಡತಿ ಬದಿಗೆ, ನಡುವೆ ಕೂಸು, ಹಿಂದೆ ಸ್ಟುಡಿಯೊದ ಪರದೆ. ಪರದೆಯ ಮೇಲೆ ತಾಜಮಹಲು, ಇಲ್ಲವೆ ಕೊಳ, ಇಲ್ಲವೆ ಯಾವ ಸೀಮೆಯದೋ ಮೆಟ್ಟಿಲು. ಮನೆಯ ಕಟ್ಟೆ, ಅಗಸಿ ಬಾಗಿಲು, ಹೊಳೆಯ ದಾರಿ ಯಾವುದೂ ಇಲ್ಲ. ವರ್ಷಕ್ಕೊಂದು ಫೋಟೊ ತೆಗೆಸುವ ಶಕ್ತಿ ಇದ್ದವರು ತಾಜಮಹಲನ್ನು ಆರಿಸಿಕೊಂಡರು. ಮನೆ ಹೇಗೂ ಇದ್ದೇ ಇರುತ್ತದಲ್ಲ! ಬಾದಾಮಿ, ಐಹೊಳೆಯ ಕಲ್ಲುಗುಡಿಗಳಿಗಾದರೆ 1855ರಲ್ಲೇ ಫೋಟೊದಲ್ಲಿ ಉಳಿಯುವ ಭಾಗ್ಯ ಒದಗಿತ್ತು. ಮುಂಬಯಿ ಸರ್ಕಾರದ ಪರವಾಗಿ ಥಾಮಸ್ ಬಿಗ್ಸ್ ಎಂಬ ಸೈನ್ಯಾಧಿಕಾರಿ ಬಂದು ಅವನ್ನು ಸೆರೆಹಿಡಿದ. ಆತನಿಗೆ ಬೇಕಾದದ್ದು ಗುಡಿ, ನಮ್ಮವರಿಗೆ ಬೇಕಾದದ್ದು ಪರದೆ. ನಡುವಿನ ಓಣಿ ಯಾರಿಗೂ ಬೇಡವಾಯಿತು.

ಹಾಗಾದರೆ ಮಿತಿ ತಾನಾಗಿ ಏನನ್ನೂ ಕಲಿಸುವುದಿಲ್ಲ. ಕಲಿಸುವುದು ಕಳೆದುಕೊಂಡ ಅನುಭವ. ನನ್ನ ಮಾತಿನ ತಿರುಳು ಇಷ್ಟೇ: ಫಿಲ್ಮು ದೊಡ್ಡವರ ಕೈಯಲ್ಲಿ ಅರ್ಥ ಪಡೆಯುತ್ತದೆ. ಹದಿಹರೆಯದಲ್ಲಿ ಅಪ್ಪನ ಕ್ಯಾಮೆರಾ ಕದ್ದು ರೋಲು ಮುಗಿಸುವವರಿಗೆ ಯಾವುದು ಉಳಿಯುವುದಿಲ್ಲ ಎಂಬುದು ಗೊತ್ತಿರುವುದಿಲ್ಲ. ನಲವತ್ತೈದಕ್ಕೆ ಗೊತ್ತಿರುತ್ತದೆ. ಆ ತಿಳಿವಳಿಕೆಗೆ ಹನ್ನೆರಡು ಚಿತ್ರಗಳ ಗಡಿ ಸೇರಿದಾಗ, ಆಯ್ಕೆ ಗುಂಡಿ ಒತ್ತುವುದಕ್ಕೆ ಮುಂಚೆಯೇ ನಡೆಯುತ್ತದೆ. ಮೊಬೈಲಿನಲ್ಲಿ ಆಯ್ಕೆಯನ್ನು ನಾವು ಮುಂದೆ ಯಾವತ್ತೋ ಮಾಡೋಣ ಎಂದು ಬಿಡುತ್ತೇವೆ, ಆ ದಿನ ಬರುವುದಿಲ್ಲ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದೆಂದು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿತು. ಏರಿದ ದಿನ ಇನ್ನೊಂದಷ್ಟು ಓಣಿಗಳು ಹೋಗುತ್ತವೆ. ಈಗ ಅಲ್ಲಿಗೆ ಕ್ಯಾಮೆರಾ ಹೊತ್ತು ಹೋಗುವವನು ಪರದೆ ಕಟ್ಟುವುದಿಲ್ಲ.

ಸರಿ, ಅದಕ್ಕೆ ಮೊಬೈಲೇ ಸಾಲದೇ, ಫಿಲ್ಮೇ ಏಕೆ? ದಾಖಲೆಗೆ ಮೊಬೈಲು ಧಾರಾಳ ಸಾಕು. ಫಿಲ್ಮು ಬೇಕಾಗುವುದು ಬೆಳಕನ್ನು ಕಲಿಯುವುದಕ್ಕೆ. ಮಣ್ಣಿನ ಮಾಳಿಗೆಯ ಮಗ್ಗದ ಮನೆಯಲ್ಲಿ ಬೆಳಕು ಬರುವುದು ಬೆಳಕಿಂಡಿಯಿಂದ, ಒಂದು ಬಾಗಿಲಿನಿಂದ. ಕುಣಿಮಗ್ಗದಲ್ಲಿ ಕುಳಿತವರ ಭುಜದ ಮೇಲೆ, ಹಾಸಿನ ಎಳೆಗಳ ಮೇಲೆ ಅದು ಬಿದ್ದು ಮೂಲೆಯಲ್ಲಿ ಕತ್ತಲಾಗುತ್ತದೆ. ಮೊಬೈಲು ತನ್ನ ಜಾಣತನದಲ್ಲಿ ಮೂಲೆಯನ್ನೂ ಬೆಳಗಿಸಿ ಕೊಡುತ್ತದೆ. ಮನೆ ಅಂಗಡಿಯಂತೆ ಕಾಣುತ್ತದೆ. 400 ಐಎಸ್ಒ ಫಿಲ್ಮ್ ಹಾಕಿ, ಲೆನ್ಸನ್ನು ಎಫ್ 2.8ಕ್ಕೆ ತೆರೆದರೂ ಸೆಕೆಂಡಿನ ಮೂವತ್ತನೇ ಒಂದು ಭಾಗ ಬೇಕು. ಅಷ್ಟರಲ್ಲಿ ಲಾಳಿ ಗೆರೆಯಾಗಿ ಹರಿದುಹೋಗುತ್ತದೆ. ನೇಯುವವರು ಕಾಲು ಬದಲಿಸುವ ಗಳಿಗೆಗೆ ಕಾಯಬೇಕು. ಮುಖ ಬೇಕೋ ಬಟ್ಟೆ ಬೇಕೋ ಮೊದಲೇ ತೀರ್ಮಾನಿಸಬೇಕು, ಎರಡೂ ಸಿಗುವುದಿಲ್ಲ. ಮೈಸೂರಿನ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್'ನಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೊ ಒಳಗೆ ಹಾಯಿಸಿ ಕಂಬದಂಥ ಬೆಳಕನ್ನು ನಿಲ್ಲಿಸಿದ್ದರು. ಬನಹಟ್ಟಿಯ ಬೆಳಕಿಂಡಿ ದಿನಾ ಮಧ್ಯಾಹ್ನ ಪುಕ್ಕಟೆ ಅದನ್ನೇ ಮಾಡುತ್ತದೆ. ಅಲ್ಲಿಗೆ ಎಷ್ಟೋ ಸಲ ಹೋಗಿದ್ದೆ. ಬಣ್ಣ ಇಲ್ಲದೆ ನೋಡುವ ಪ್ರಸಂಗ ಬಂದ ಮೇಲೇ ಅದು ಕಣ್ಣಿಗೆ ಬಿತ್ತು.

ಇನ್ನು ತೊಳೆಯುವ ಕೆಲಸ. ಡೆವಲಪರ್ ಮನೆಯಲ್ಲೇ ಆಗುತ್ತದೆ. ಲೀಟರ್ ನೀರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೊರಾಕ್ಸ್ 2: ಇದು ಕೊಡಾಕ್‌ನವರ ಹಳೆಯ ಡಿ-76 ಸೂತ್ರ. ಪುಸ್ತಕಗಳು 20 ಡಿಗ್ರಿಯಲ್ಲಿ ತೊಳೆಯಿರಿ ಎನ್ನುತ್ತವೆ. ಮೇ ತಿಂಗಳ ಮುಧೋಳದಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನ ನೀರಿಗೆ ಕೈ ಹಾಕಿದವರಿಗೆ ಆ ಪುಸ್ತಕಗಳನ್ನು ಬೇರೆ ದೇಶದವರು ಬರೆದರೆಂಬುದು ತಕ್ಷಣ ತಿಳಿಯುತ್ತದೆ. ಬಕೆಟಿಗೆ ಐಸ್ ಹಾಕಿ ಬಾಟಲಿ ಇಳಿಬಿಡಬೇಕು, ಇಲ್ಲದಿದ್ದರೆ ಫಿಲ್ಮಿನ ಜಿಲೆಟಿನ್ ಪದರವೇ ಮೆತ್ತಗಾಗುತ್ತದೆ. ಬೋರಿನ ಗಡಸು ನೀರಿನಲ್ಲಿ ಕೊನೆಯ ತೊಳೆತ ಮಾಡಿದರೆ ಒಣಗಿದ ಮೇಲೆ ಬಿಳಿ ಕಲೆ. ಚಳಿಗಾಲದಲ್ಲಾದರೂ ಸುಖವೇ ಎಂದರೆ, ಆಗ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು. ಚಿಮಣಿಯ ಕರಿ ಬೂದಿ ಹಾರಿ ಬಂದು ಒದ್ದೆ ನೆಗೆಟಿವಿಗೆ ಅಂಟುತ್ತದೆ. ಒಂದಿಡೀ ಪ್ರದೇಶದ ನೀರು, ಬಿಸಿಲು, ಉದ್ಯಮ ಎಲ್ಲ ಒಂದು ಅಂಗೈಯಗಲದ ಫಿಲ್ಮಿನ ಮೇಲೆ ಸಹಿ ಹಾಕಿ ಹೋಗುತ್ತವೆ.

ದುಡ್ಡಿನ ಮಾತು ಬಾಕಿ ಇದೆ. ನೀಲಗಿರಿಯ ಊಟಿಯಲ್ಲಿ ಕೇಂದ್ರ ಸರ್ಕಾರ 1960ರಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸ್ಥಾಪಿಸಿತ್ತು. ಅಲ್ಲಿನ 'ಇಂದು' ಫಿಲ್ಮು, ಕಾಗದ ಸಣ್ಣ ಊರಿನ ಸ್ಟುಡಿಯೊಗಳಿಗೂ ಬರುತ್ತಿತ್ತು. ಆ ಕಾರ್ಖಾನೆ ಮುಚ್ಚಿದೆ. ಈಗ ಇಂಗ್ಲೆಂಡಿನ ಇಲ್ಫೋರ್ಡ್ ರೋಲೊಂದಕ್ಕೆ ಹೆಚ್ಚುಕಡಿಮೆ ಸಾವಿರ ರೂಪಾಯಿ. ಇದು ಉಳ್ಳವರ ಆಟ, ಮುಚ್ಚುಮರೆ ಏಕೆ? ಕಸುಬಾಗಿ ಮಾಡಿದವರ ಮಾತೇ ಬೇರೆ. ವರ್ಷಗಟ್ಟಲೆ ಡಾರ್ಕ್ ರೂಮಿನಲ್ಲಿ ದುಡಿದ ಹಿರಿಯರೊಬ್ಬರನ್ನು ಪ್ರಿಂಟ್ ಹಾಕುವುದು ಕಲಿಸಿರಿ ಎಂದು ಕೇಳಿದ್ದೆ. ಮೆಟಾಲ್‌ಗೆ ಅವರ ಬೆರಳ ಸಂದಿ ಒಡೆಯುತ್ತಿತ್ತಂತೆ, ಉಗುರು ಕಪ್ಪಾಗಿಯೇ ಇರುತ್ತಿತ್ತಂತೆ. "ಕತ್ತಲಾಗ ಕುಂತು ಕುಂತು ಸಾಕಾಗಿ ಹೊರಗ ಬಂದೀನ್ರಿ. ಮತ್ತ ಒಳಗ ಕರೀಬ್ಯಾಡ್ರಿ" ಎಂದರು. ಅವರ ಮುಂದೆ ಕೈಕೆಲಸದ ಧ್ಯಾನ, ನಿಧಾನದ ಸೊಗಸು ಎಂದೆಲ್ಲ ಮಾತಾಡುವುದು ಅಸಭ್ಯ. ಯಾವಾಗ ಬೇಕಾದರೂ ಎದ್ದು ಬರಬಹುದಾದ ಕತ್ತಲೆ ನಮ್ಮದು, ಅದಕ್ಕೇ ಅದು ನಮಗೆ ಹಿತ. ಇದನ್ನು ಒಪ್ಪಿಕೊಂಡೇ ಮಾಡುವುದಾದರೆ ಮಾಡಬಹುದು. ಜೊತೆಗೆ, ತೊಳೆದುಳಿದ ಹೈಪೋ ಎಂಬ ಫಿಕ್ಸರ್ ದ್ರಾವಣದಲ್ಲಿ ಬೆಳ್ಳಿ ಇರುತ್ತದೆ, ಅದು ಮೀನಿಗೆ ವಿಷ. ಘಟಪ್ರಭೆಗೆ ಹೋಗುವ ಗಟಾರಕ್ಕೆ ಸುರಿಯಬಾರದು. ಸ್ಟೀಲ್ ವೂಲ್ ಹಾಕಿಟ್ಟರೆ ಬೆಳ್ಳಿ ಕೆಸರಾಗಿ ತಳಕ್ಕಿಳಿಯುತ್ತದೆ.

ಪ್ರಿಂಟು ಸೇರಬೇಕಾದದ್ದು ಮಗ್ಗದ ಮನೆಗೇ ಎಂದುಕೊಂಡು ಹಿಂಬದಿಗೆ ತಾರೀಖು, ಹೆಸರು, ಒಡಲು-ದಡಿಯ ಬಣ್ಣ ಬರೆದು ಆ ನೇಕಾರರಿಗೆ ಕೊಟ್ಟೆ. ಅವರ ಸೊಸೆ ಅದನ್ನು ಜೋಪಾನವಾಗಿ ಟ್ರಂಕಿನಲ್ಲಿಟ್ಟು, ಗೋಡೆಗೆ ಹಾಕಲು ಬಣ್ಣದ್ದೊಂದು ಬೇಕೆಂದರು. ಮೊಬೈಲಿನಲ್ಲಿ ತೆಗೆದು ಕೊಟ್ಟೆ.